ಸಂತೆ ಬೀದಿಯ ಸುಸ್ತು ಮೀಟರು

"ಇನ್ಮೇಲೆ ನೀವು ತಲೆ ಉಪಯೋಗಿಸೋದೇ ಬೇಡ ಭಾವ!" ಅಂತ ಹೇಳಿ ನಮ್ಮ ಪರಮೇಶಣ್ಣ ಊಟದ ಮೇಜಿನ ಮೇಲೆ ಒಂದು ರೈಸ್ ಕುಕ್ಕರ್ ಇಟ್ಟ.

ಹೊರಗಿನಿಂದ ಮಾತ್ರ ಅದು ಕುಕ್ಕರು. ಒಳಗೆ ಅನ್ನದ ಬದಲು ಬರೀ ವೈರು, ಮುಚ್ಚಳದ ಮೇಲೊಂದು ಸ್ಪೀಕರು, ಜೊತೆಗೆ ಒಂದು ರಾಶಿ ಕೈಗೆ ಕಟ್ಟೋ ಬೆಲ್ಟು. ಅಣ್ಣನಿಗೆ ಶಿರಾದಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇದೆ. ಅವನ ಕೈಗೆ ಹೋದ ಮಿಕ್ಸಿ ಮಿಕ್ಸಿಯಾಗೇ ವಾಪಸ್ ಬರುತ್ತೆ ಅಂತ ಯಾರೂ ನಂಬಿಕೊಂಡು ಕೂರುವುದಿಲ್ಲ.

"ಏನಿದು?" ಅಂದರು ನಮ್ಮನೆಯವರು.

"ಸುಸ್ತು ಮೀಟರು! ಬೆಲ್ಟು ಕಟ್ಟಿಕೊಂಡವರ ನಾಡಿ, ಬೆವರು, ಉಸಿರು ಎಲ್ಲ ಅಳೆಯುತ್ತೆ. ಯಾವ ಬೌಲರ್‌ಗೆ ಸುಸ್ತಾಗಿದೆ, ಕೊನೆ ಓವರು ಯಾರಿಗೆ ಕೊಡಬೇಕು, ಎಲ್ಲ ಅದೇ ಹೇಳುತ್ತೆ!"

ನಮ್ಮನೆಯವರ ಕಣ್ಣಲ್ಲಿ ನೀರೇ ಬಂತು. ಅವರು ಸಂತೆ ಬೀದಿ ಕ್ರಿಕೆಟ್ ಟೀಮಿನ ಕ್ಯಾಪ್ಟನ್. ವಾರವೆಲ್ಲ ಬಟ್ಟೆ ಅಂಗಡಿ, ಭಾನುವಾರ ಮೈದಾನ. ಕೊನೆ ಓವರು ಯಾರಿಗೆ ಕೊಡುವುದು ಅನ್ನುವುದೇ ಅವರಿಗೆ ಅಂಟಿದ ರೋಗ. ಬಾಲನ್ನು ಇಮ್ತಿಯಾಜ್‌ಗೆ ಕೊಡ್ತಾರೆ, ಕಿತ್ತುಕೊಂಡು ಓಬಳೇಶನಿಗೆ ಕೊಡ್ತಾರೆ, ಮತ್ತೆ ಕಿತ್ತುಕೊಳ್ತಾರೆ. ಕಡೆಗೆ "ಯಾಕೆ ಬೇಕು ತಲೆನೋವು" ಅಂತ ತಾವೇ ಹಾಕಿ ಚೆನ್ನಾಗಿ ಹೊಡೆಸಿಕೊಂಡು ಬರ್ತಾರೆ. ಪ್ರತಿ ವರ್ಷ ಫೈನಲ್‌ನಲ್ಲಿ ಕೋಟೆ ಬೀದಿಯವರ ಎದುರು ಇದೇ ಹಾಡು. ಈ ಸಲ ಹುಡುಗರು ಮುಲಾಜಿಲ್ಲದೆ ಹೇಳಿಬಿಟ್ಟಿದ್ದರು, ಸೋತರೆ ಕ್ಯಾಪ್ಟನ್ ಪಟ್ಟ ಬಿಡಬೇಕು ಅಂತ.

ಅವರಿಗಿಂತ ನನಗೇ ಹೆದರಿಕೆ ಜಾಸ್ತಿ! ಒಂದು ಭಾನುವಾರ ಮಳೆ ಬಂದು ಮ್ಯಾಚು ನಿಂತಾಗ ಅಡುಗೆಮನೆಗೆ ಬಂದು ಸೌಟು, ಡಬ್ಬಿಗಳಿಗೆಲ್ಲ ಫೀಲ್ಡಿಂಗ್ ಸೆಟ್ ಮಾಡಿದ್ದರು. ಸಾರಿನ ಪುಡಿ ಡಬ್ಬಿ ಬೌಂಡರಿಗೆ ಹೋಗಿದ್ದು ವಾರವಾದರೂ ಸಿಗಲಿಲ್ಲ. ಇನ್ನು ಪ್ರತಿ ಭಾನುವಾರವೂ ಮನೆಯಲ್ಲೇ ಇದ್ದರೆ ನನ್ನ ಗತಿ ಏನು? ಸಿಟ್ಟು ಮಾಡಿಕೊಂಡು ತವರಿಗೆ ಹೋಗೋಣವೆಂದರೆ ತವರು ಪಕ್ಕದ ಬೀದೀಲೇ ಇದೆ.

ಅಣ್ಣ "ಕೈ ಕೊಡು ಮಂಗಳಾ, ಡೆಮೊ ತೋರಿಸ್ತೀನಿ" ಅಂತ ನನ್ನ ಕೈಗೇ ಬೆಲ್ಟು ಕಟ್ಟಿದ. ಮಾಳಿಗೆಗೆ ನೀರು ಹೊತ್ತು ಆಗಷ್ಟೇ ಇಳಿದಿದ್ದೆ, ಏದುಸಿರು ಬರ್ತಿತ್ತು. ಕುಕ್ಕರು ಗೊರಗೊರ ಅಂದು ಮಾತಾಡಿತು.

"ಇವಳಿಗೇನು ಧಾಡಿ? ಗುಂಡುಕಲ್ಲಿನ ಹಾಗಿದ್ದಾಳೆ. ಇವಳ ಕೈಲೇ ಮಾಡಿಸು."

ನಾನು ಬೆಚ್ಚಿಬಿದ್ದೆ. "ಇದು ಅಮ್ಮನ ದನಿ ಅಲ್ವೇನೋ?"

"ಹೂಂ ಮತ್ತೆ! ಸುಸ್ತು ಕಂಡುಹಿಡಿಯೋದರಲ್ಲಿ ಅಮ್ಮನ್ನ ಬಿಟ್ಟರೆ ಉಂಟಾ? ನಿಮಗೆಲ್ಲ ಕೈಗಡಿಯಾರ ಅಂತ ಕಟ್ಟಿದ್ದೆನಲ್ಲ, ಅದು ಇದೇ ಬೆಲ್ಟು! ನಿನ್ನ, ಭಾವನ್ನ, ಟೀಮಿನ ಹುಡುಗರನ್ನ ನೋಡಿ ಅಮ್ಮ ಏನೇನು ಅಂದಳೋ ಅದನ್ನೆಲ್ಲ ಯಂತ್ರ ಕಲಿತಿದೆ!"

"ಅಮ್ಮ ನನಗೆ ಸುಸ್ತಾಗಿದೆ ಅಂತ ಹುಟ್ಟಿದಾಗಿನಿಂದ ಒಂದು ಸಲನೂ ಅಂದಿಲ್ಲ ಕಣೋ!"

"ನೋಡು ಎಷ್ಟು ಕರಾರುವಾಕ್ಕು!" ಅಂದ ಅಣ್ಣ. ಬೆಲ್ಟು ಬಿಚ್ಚಲು ಹೋದರೆ ಕೊಂಡಿ ಕಚ್ಚಿಕೊಂಡುಬಿಟ್ಟಿತು. ಎಣ್ಣೆ ಹಾಕಿದರೂ ಬರಲಿಲ್ಲ.

ಹಾಗಾಗಿ ಫೈನಲ್ ದಿನ ಟೀಮಿನವರೆಲ್ಲರ ಹಾಗೆ ನಾನೂ ಕೈಯಲ್ಲಿ ಬೆಲ್ಟು ಇಟ್ಟುಕೊಂಡೇ ಶಾಮಿಯಾನದಡಿ ಮಜ್ಜಿಗೆ ಹಂಚ್ತಾ ಇದ್ದೆ. ಪಕ್ಕದಲ್ಲಿ ಕುಕ್ಕರು, ಅದರ ಪಕ್ಕ ಅಮ್ಮ. ಹೆಸರು ಕಮ್ಮಿ ಬಿತ್ತು ಅಂತ ಪ್ರತಿ ವರ್ಷದಂತೆ ನನ್ನ ಹೆಸರೂ ಟೀಮಿಗೆ ಸೇರಿಸಿದ್ದರು. ನಮ್ಮೂರ ಟೂರ್ನಮೆಂಟಿನಲ್ಲಿ ಹೆಸರು ಬರೆಸಿದವರು ಯಾರಾದರೂ, ಯಾವಾಗ ಬೇಕಾದರೂ ಬದಲಿಗೆ ಇಳಿಯಬಹುದು.

ನಮ್ಮನೆಯವರು ಮೈಕ್ ಹಿಡಿದು ಘೋಷಣೆ ಮಾಡಿದರು. "ಇವತ್ತು ಯಂತ್ರ ಹೇಳಿದ್ದೇ ಕೊನೆ ಮಾತು! ಅದು ಹೇಳಿದವರೇ ಬೌಲಿಂಗು! ನಾನು ಮೀರಿದರೆ ನನ್ನ ಹೆಸರು ಬದಲಾಯಿಸಿ!"

ಮೊದಮೊದಲು ಎಲ್ಲ ಚೆನ್ನಾಗೇ ನಡೆಯಿತು. ಯಂತ್ರ ಸಾಕು ಅಂದವರನ್ನು ನಿಲ್ಲಿಸಿದರು, ವಿಕೆಟ್ಟೂ ಬಿದ್ದವು. ಕೊನೆಕೊನೆಗೆ ಮ್ಯಾಚು ಬಿಗಿಯಾಯಿತು. ಇಮ್ತಿಯಾಜ್ ಓಡಿ ಬರುವಾಗ ಸ್ಪೀಕರು ಕೂಗಿತು.

"ಮುಖ ಬಾಡಿಹೋಗಿದೆ ಮಗೂ, ಬೆಳಿಗ್ಗೆ ತಿಂಡಿ ತಿಂದ್ಯಾ?"

ಪಾಪ, ಹುಡುಗ ನಿಂತಲ್ಲೇ ನಿಂತು "ಇಲ್ಲಮ್ಮ" ಅಂದುಬಿಟ್ಟ.

"ಮೊದಲು ತಿನ್ನು ಹೋಗು!"

ಅವನು ಚಿತ್ರಾನ್ನದ ಕಡೆ ನಡೆದ. ಓಬಳೇಶ ಬಂದು ಒಂದು ಸಲ ಕೆಮ್ಮಿದ ಅಷ್ಟೆ, "ಇವನಿಗೆ ಕಷಾಯ ಕೊಡ್ರೇ" ಅಂತ ಅವನನ್ನೂ ಕಳಿಸಿತು. ವಿಕೆಟ್ ಕೀಪರು ಆಕಳಿಸಿ ಸಿಕ್ಕಿಹಾಕಿಕೊಂಡ. ಬೌಲಿಂಗ್ ಬರುವವರೆಲ್ಲ ಸಾಲಾಗಿ ಕೂತು ಚಿತ್ರಾನ್ನ ತಿಂತಿದ್ದಾರೆ, ಕೋಟೆ ಬೀದಿಯವರಿಗೆ ಕೊನೆ ಓವರಿನಲ್ಲಿ ಆರೇ ರನ್ನು ಬೇಕು!

"ಅಣ್ಣಾ, ಅದನ್ನ ಆರಿಸೋ!" ಅಂದೆ.

"ಬಟನ್ನು ಹಳೇ ಕುಕ್ಕರಿನದೇ ಕಣೇ. ಒತ್ತಿದರೆ ಬಿಸಿ ಆಗುತ್ತೆ ಅಷ್ಟೆ."

ನಮ್ಮನೆಯವರು ಬಾಲನ್ನು ಪ್ಯಾಂಟಿಗೆ ಉಜ್ಜಿಕೊಂಡು "ಇನ್ನು ನಾನೇ ಹಾಕ್ತೀನಿ" ಅಂದರು.

"ಅಯ್ಯಯ್ಯೋ! ಅಳಿಯಂದಿರು ಬಿಸಿಲಲ್ಲಿ ನಿಂತಿದ್ದಾರಲ್ಲ! ಯಾರಾದರೂ ಕುರ್ಚಿ ಹಾಕ್ರೋ!" ಅಂತ ಸ್ಪೀಕರು ಬಾಯಿ ಬಡಿದುಕೊಂಡಿತು.

ಮೈದಾನಕ್ಕೆ ಮೈದಾನವೇ ನಕ್ಕಿತು. ಅವರು ಒಂದು ಹೆಜ್ಜೆಯೂ ಓಡಿರಲಿಲ್ಲ! "ಇದೇನೋ ಪರಮೇಶ?" ಅಂತ ಅಂಗಲಾಚಿದರು.

"ಯಂತ್ರದ ತಪ್ಪಲ್ಲ ಭಾವ! ಅಮ್ಮ ನಿಮ್ಮನ್ನ ಒಂದು ದಿನವಾದರೂ ಕೆಲಸ ಮಾಡೋಕೆ ಬಿಟ್ಟಿದ್ದಾಳಾ?"

"ನಾನೆಲ್ಲೋ ಹಂಗಂದೆ? ಸುಮ್ಮನೆ ನನ್ನ ಮೇಲೆ ಹಾಕಬೇಡ," ಅಂತ ಅಮ್ಮ ಸಿಡುಕಿ, ಮೈದಾನದ ಕಡೆ ತಿರುಗಿ "ಅಳಿಯಂದಿರೇ, ನೆರಳಿಗೆ ಬನ್ನಿ!" ಅಂದಳು.

ಮದುವೆಯಾದಾಗಿನಿಂದ ನಮ್ಮನೆಯವರು ಅತ್ತೆ ಮಾತು ಮೀರಿದವರಲ್ಲ. ಮೇಲಾಗಿ ಮೈಕಿನಲ್ಲಿ ಬೇರೆ ಆಣೆ ಮಾಡಿದ್ದಾರೆ. ಬೌಂಡರಿ ಗೆರೆ ಒಳಗೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು.

"ಮತ್ತೆ ಬೌಲಿಂಗು ಯಾರು?" ಅಂದ ಅಂಪೈರು.

"ಮಂಗಳ ಇದ್ದಾಳಲ್ಲ," ಅಂದಿತು ಕುಕ್ಕರು. "ಅವಳಿಗೇನು ಧಾಡಿ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ! ಮಜ್ಜಿಗೆ ಸೌಟು ಅಣ್ಣನ ಕೈಗೆ ತುರುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋದೆ. ಮಾಳಿಗೆ ಮೇಲೆ ಹಪ್ಪಳ ಕದಿಯಲು ಬರೋ ಕೋತಿಗಳಿಗೆ ಕಲ್ಲು ಬೀರಿ ಬೀರಿ ನನ್ನ ಗುರಿ ಅಂತೂ ಪಳಗಿದೆ.

ಬ್ಯಾಟು ಹಿಡಿದಿದ್ದವನು ಕೋಟೆ ಬೀದಿ ಗಿರಿಯಪ್ಪ. "ಅಕ್ಕಾ, ನಿಧಾನಕ್ಕೆ ಹೊಡೀತೀನಿ" ಅಂದ. ಅವನು ನಿಧಾನ ಮಾಡಿದ, ನಾನು ಮಾಡಲಿಲ್ಲ. ಕೊನೇ ಬಾಲಿಗೆ ಇನ್ನೂ ಮೂರು ರನ್ನು ಬೇಕಾಗಿತ್ತು. ಆಗ ಅಕ್ಕ ಪಕ್ಕ ಎಲ್ಲ ಮರೆತು ಕಣ್ಣುಮುಚ್ಚಿ ಬೀಸಿದ. ಬಾಲು ಆಕಾಶಕ್ಕೆ ಹೋಯಿತು. ಇಳಿಯುವಾಗ ನೋಡುತ್ತೀನಿ, ಸೀದಾ ಕುರ್ಚಿಯ ಕಡೆ!

"ರೀ! ಏಳಬೇಡ್ರೀ!" ಅಂತ ಕಿರುಚಿದೆ. ಎದ್ದರೆ ಬಿಡ್ತಾರೆ ಅಂತ ನನಗೆ ಗೊತ್ತು.

ಅವರು ಏಳಲಿಲ್ಲ. ಬಾಲು ಬಂದು ಮಡಿಲಲ್ಲಿ ಕೂತಿತು. ಅಂಪೈರು ಕುರ್ಚಿಯ ನಾಲ್ಕು ಕಾಲೂ ಬಗ್ಗಿ ನೋಡಿ "ಗೆರೆ ಒಳಗಿದೆ, ಔಟ್!" ಅಂದ.

ಕಪ್ಪು ನಮ್ಮದಾಯಿತು! ನಮ್ಮನೆಯವರು ಕುರ್ಚಿಯ ಮೇಲೇ ಹತ್ತಿ ನಿಂತು, "ನೋಡಿದ್ರಾ ನನ್ನ ಕ್ಯಾಪ್ಟನ್ಸಿ! ಮುಂದಿನ ವರ್ಷವೂ..." ಅನ್ನುವಷ್ಟರಲ್ಲಿ ಕುಕ್ಕರು ಬಾಯಿ ಹಾಕಿತು.

"ಅಳಿಯಂದಿರು ಬಹಳ ದಣಿದಿದ್ದಾರೆ. ಇನ್ನು ಆರಾಮಾಗಿ ಮನೇಲಿರಲಿ. ಮಂಗಳ ನೋಡಿಕೊಳ್ತಾಳೆ."

ಹುಡುಗರೆಲ್ಲ ಚಿತ್ರಾನ್ನದ ಕೈಯಲ್ಲೇ ಚಪ್ಪಾಳೆ ಹೊಡೆದರು. ಆಣೆ ಆಣೆಯೇ, ಪಟ್ಟ ಹೋಯಿತು.

ಈಗ ಭಾನುವಾರ ಬಂದರೆ ನಾನು ಮೈದಾನದಲ್ಲಿ, ಅವರು ಅಡುಗೆಮನೆಯಲ್ಲಿ. ಸಾರಿನ ಪುಡಿ ಡಬ್ಬಿ ಎಲ್ಲಿಟ್ಟರೆ ನನಗೇನು, ಹುಡುಕಬೇಕಾದವರು ಅವರೇ ತಾನೇ! ನನ್ನ ಕೈಯಿಂದ ಕತ್ತರಿಸಿ ತೆಗೆದ ಬೆಲ್ಟಿಗೆ ಅಣ್ಣ ಹೊಲಿಗೆ ಹಾಕಿ ಅವರ ಕೈಗೆ ಕಟ್ಟಿದ್ದಾನೆ. ಕುಕ್ಕರಿಗೆ ಮೊದಲಿಂದ ಹೊಸದಾಗಿ ಪಾಠ ಮಾಡಿದ್ದೂ ಆಯಿತು, ಈ ಸಲ ನನ್ನ ದನಿಯಲ್ಲಿ. ಈರುಳ್ಳಿ ಹೆಚ್ಚುತ್ತಾ ಕೈ ಸ್ವಲ್ಪ ನಿಲ್ಲಿಸಿದರೆ ಸಾಕು, "ನಿಮಗೇನ್ರೀ ಧಾಡಿ?" ಅನ್ನುತ್ತೆ.

ಕೊಂಡಿ ಮಾತ್ರ ಅಣ್ಣ ಇನ್ನೂ ರಿಪೇರಿ ಮಾಡಿಲ್ಲ. ನಾನೂ ಅವಸರ ಮಾಡಿಲ್ಲ.