ಅಕ್ಕನ ಹೊಂಡ ಕಾಯಿಸಿದ್ದು

ನಮ್ಮ ಕಡೆ ಹೊಸ ಯಂತ್ರವೊಂದು ಒಬ್ಬರ ಮನೆಗೆ ಬರುವುದಿಲ್ಲ, ಓಣಿಗೆ ಬರುತ್ತದೆ. ಮುಟ್ಟಿ ನೋಡುವವರು, ಕಿವಿಯಿಟ್ಟು ಕೇಳುವವರು, ಹಳೆಯದೇ ಚಲೋ ಇತ್ತು ಎನ್ನುವವರು, ಎಲ್ಲರಿಗೂ ಅದರಲ್ಲಿ ಪಾಲಿರುತ್ತದೆ. ಹೀಗಿರುವಾಗ ಇಂಥವು ನಡೆಯುತ್ತಲೇ ಇರುತ್ತವೆ.

ಸವಣೂರಿನ ಅಂಚಿನಲ್ಲಿ ನಮ್ಮ ಮನೆ. ನಾನು ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಮಾಸ್ತರ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅಪ್ಪನ ವೀಳ್ಯದೆಲೆ ತೋಟವನ್ನೂ ನಡೆಸಿದಳು, ನನ್ನನ್ನೂ ಓದಿಸಿದಳು. ಈಗ ಅವಳ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು, ದಿನಾಲೂ ಎದೆಮಟ್ಟದ ಬೆಚ್ಚನೆಯ ನೀರಿನಲ್ಲಿ ನಡೆಯಬೇಕು, ಇಲ್ಲದಿದ್ದರೆ ಕೀಲು ಬಿಗಿದು ಮಂಚವೇ ಗತಿ ಎಂದರು. ಅಲ್ಲಿಯ ಆಸ್ಪತ್ರೆಯ ಕೊಳಕ್ಕೆ ಕೆಲವು ಸಲ ಕರೆದುಕೊಂಡು ಹೋದೆ. ನೀರು ಕೊಟ್ಟದ್ದನ್ನು ಬರುವ ದಾರಿಯಲ್ಲಿ ರಸ್ತೆ ಕಸಿದುಕೊಳ್ಳುತ್ತಿತ್ತು.

ಮನೆಯ ಹಿಂದೆ ಎಲೆತೋಟಕ್ಕೆ ನೀರುಣಿಸಲು ಅಪ್ಪ ಕಟ್ಟಿಸಿದ ಕಲ್ಲಿನ ಹೊಂಡವಿತ್ತು. ಹನಿ ನೀರಾವರಿ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಅದಕ್ಕೆ ಟೈಲ್ಸ್ ಹಾಕಿಸಿ, ಮೆಟ್ಟಿಲು, ಹಿಡಿದುಕೊಳ್ಳಲು ಸ್ಟೀಲಿನ ಕಂಬಿ, ಮೇಲೆ ತಗಡು, ನೀರು ಸೋಸುವ ಪಂಪು, ಎಲ್ಲ ಮಾಡಿಸಿದೆ. ಹೀಗೆ ನಮ್ಮ ಮನೆಗೆ ಈಜುಕೊಳ ಬಂತು. ಈಜು ಬರುವವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ.

ಅಕ್ಕನ ಆಸೆ ದೊಡ್ಡದೇನಲ್ಲ. "ಹಿತ್ತಲ ಬಾಗಲದಿಂದ ತ್ವಾಟದ ಬೇಲಿತನಕ ಕೋಲಿಲ್ಲದ ಹೋಗಬೇಕು. ಅಷ್ಟಾದ್ರ ಸಾಕು" ಎನ್ನುತ್ತಿದ್ದಳು. ಊರುಗೋಲನ್ನು ಕಂಡರೆ ಅವಳಿಗೆ ಆಗದು. ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು. "ಗಂಡ ಇದ್ದಾಗ ಬರದ ಸವತಿ ಈಗ ಬಂದು ಕೈ ಹಿಡದಾಳ ನೋಡು."

ಹಂಡೆ

ಹೊಂಡ ತುಂಬುವ ಹೊತ್ತಿಗೆ ಚಳಿಗಾಲ ಬಂದಿತ್ತು. ನನ್ನ ಹೆಂಡತಿಯ ಭುಜ ಹಿಡಿದು ಮೆಟ್ಟಿಲಿಗೆ ಬಂದ ಅಕ್ಕ ಹೆಬ್ಬೆರಳು ಅದ್ದಿದಳು. ಅಷ್ಟೇ ಬೇಗ ತೆಗೆದಳು.

"ಡಾಕ್ಟರು ನೀರಾಗ ನಡೀರಿ ಅಂದಾರ, ನಡಗ್ರಿ ಅಂದಿಲ್ಲ."

ಸುದ್ದಿ ಓಣಿಗೆ ಮುಟ್ಟಿತು. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗಲೇ ಹಿತ್ತಲಿಗೆ ಕುದಿಯುವ ನೀರು ಬರತೊಡಗಿತು. ಮನೆಮನೆಯ ಬಚ್ಚಲ ಹಂಡೆಯಿಂದ ತೋಡಿದ ನೀರು. ಕೊಡ, ಬಕೆಟ್ಟು, ತಪ್ಪೇಲಿ, ಕೈಗೆ ಸಿಕ್ಕಿದ್ದರಲ್ಲಿ. ಯಾರನ್ನೂ ನಾವು ಕರೆದಿರಲಿಲ್ಲ. ಆ ದಿನ ಓಣಿಯವರೆಲ್ಲ ತಣ್ಣೀರಿನ ಸ್ನಾನ ಮಾಡಿ ಕೆಲಸಕ್ಕೆ ಹೋದರೆಂದು ನನಗೆ ಆಮೇಲೆ ಗೊತ್ತಾಯಿತು. ಅದನ್ನು ಈಗಲೂ ಮರೆತಿಲ್ಲ.

ಸುರಿದರು, ಸುರಿದರು. ಹೊಂಡದ ಮೇಲೆ ಹಬೆ ಎದ್ದಿತು. ಎಲ್ಲರ ಕಣ್ಣೂ ಅಕ್ಕನ ಹೆಬ್ಬೆರಳಿನ ಮೇಲೆ. ಅಕ್ಕ ಅದ್ದಿದಳು, ತೆಗೆದಳು, ತಲೆಯಾಡಿಸಿದಳು.

ನಮ್ಮ ತೋಟವನ್ನು ಈಗ ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುವ ಪಕ್ಕದ ಮನೆಯವನೊಬ್ಬನಿದ್ದಾನೆ. ಸವಣೂರಿನ ಎಲೆ ಬೆಳೆದು ಮಾರುವುದೇ ಅವನ ಕಸುಬು, ಎಲೆಯವ ಎಂದೇ ಹೆಸರು. ಅವನು ಖಾಲಿ ಕೊಡ ಕೆಳಗಿಟ್ಟು ಬೆವರು ಒರೆಸಿಕೊಂಡ.

"ಮಾಸ್ತರ, ಹೊಂಡ ಕಾಯ್ಸೂದು ಬಿಡ್ರಿ. ಅಕ್ಕಾರನ್ನ ಹಂಡ್ಯಾಗ ಕುಂದ್ರಿಸಿಬಿಡ್ರಿ, ಒಂದ ಕಟಗಿ ಸಾಕು."

ಹಾನಗಲ್ಲಿನ ಕೋಣೆ

ಸೋಲಾರು ಮೋಡದ ದಿನ ಕೈಕೊಡುತ್ತದೆ. ಕರೆಂಟಿನ ಹೀಟರು ನೀರಿಗಿಂತ ಮೊದಲು ಮೀಟರನ್ನು ಕಾಯಿಸುತ್ತದೆ. ಓದಿ, ಕೇಳಿ, ಕೊನೆಗೆ ಹೀಟ್ ಪಂಪಿಗೆ ಬಂದು ನಿಂತೆ. ಹೊರಗಿನ ಗಾಳಿಯಲ್ಲಿರುವ ಬಿಸುಪನ್ನು ಹೀರಿ ನೀರಿಗೆ ಕೊಡುವ ಯಂತ್ರ. ಬಿಸುಪು ಕಳೆದುಕೊಂಡ ಗಾಳಿ ತಣ್ಣಗಾಗಿ ಹೊರಗೆ ಬೀಳುತ್ತದೆ. ಅಂಥದ್ದೊಂದು ಹಾನಗಲ್ಲಿನ ಮಾವಿನ ತೋಟದ ಯಜಮಾನರೊಬ್ಬರ ಮನೆಯ ಕೊಳಕ್ಕಿದೆ ಎಂದು ಕೇಳಿ ನೋಡಲು ಹೋದೆ.

ಯಜಮಾನರು ಉಪ್ಪಿಟ್ಟು, ಚಹಾ, ಮತ್ತೆ ಚಹಾ ಕೊಟ್ಟ ಮೇಲೆ ಒಂದು ಕೋಣೆಯ ಬೀಗ ತೆಗೆದರು. ಒಳಗೆ ಯಂತ್ರ ಗುಂಯ್ಗುಡುತ್ತಿತ್ತು.

"ಹೊರಗಿಟ್ರ ಯಾರರ ಹೊತ್ಕೊಂಡು ಹೋಗ್ತಾರಂತ ಒಳಗ ಇಟ್ಟು ಕೀಲಿ ಹಾಕೇನ್ರಿ" ಎಂದರು.

ಕೋಣೆ ಗುಡ್ಡದ ಮೇಲಿನ ಗುಹೆಯಂತೆ ತಣ್ಣಗಿತ್ತು. ತಾನು ಬಿಟ್ಟ ತಣ್ಣನೆಯ ಗಾಳಿಯನ್ನೇ ಯಂತ್ರ ಮತ್ತೆ ಮತ್ತೆ ಹೀರುತ್ತಿತ್ತು. ಅದರಲ್ಲಿ ಕೊಡಲು ಬಿಸುಪೇ ಇರಲಿಲ್ಲ. ಮೂಲೆಯಲ್ಲಿ ಹುಲ್ಲು ಹಾಸಿ ಹಿಂಗಾರಿನ ಮಾವಿನಕಾಯಿ ಒಂದಿಷ್ಟು ಹಣ್ಣಿಗೆ ಹಾಕಿದ್ದರು. ಅವು ಹಾಕಿದ ದಿನದಷ್ಟೇ ಹಸಿರಾಗಿದ್ದವು.

"ಬಾಗಿಲು, ಕಿಟಕಿ ತೆಗೆದಿಟ್ಟರೆ ನೀರು ಕಾಯಬಹುದು" ಎಂದೆ, ಆದಷ್ಟು ಮೆತ್ತಗೆ.

ಅವರಿಗೆ ಬೇಸರವಾಗಲಿಲ್ಲ. ನನ್ನ ಕೈಚೀಲಕ್ಕೆ ಹಸಿರು ಕಾಯಿ ತುಂಬುತ್ತ, "ನೀವು ಇದನ್ನ ತೊಗೊಳ್ರಿ ಮಾಸ್ತರ, ಏನೂ ಅನುಮಾನ ಬ್ಯಾಡ. ಭಾಳ ಛಲೋ ಯಂತ್ರ" ಎಂದರು. "ನೀರು ಕಾಯ್ಸೂದೊಂದು ಬಿಟ್ರ."

ಕೂಸಿನ ನೀರು

ಶಿಗ್ಗಾಂವಿಯ ಪಂಪಿನ ಅಂಗಡಿಯಲ್ಲಿ ಹೀಟ್ ಪಂಪು ಕೇಳಿದೆ. ಅಂಗಡಿಯವರು, "ಎಷ್ಟ ಇಂಚಿನ ಬೋರ್ರಿ? ಎಷ್ಟ ಫೂಟಿಗೆ ನೀರು ಐತಿ?" ಎಂದರು. ಇದು ನೀರೆತ್ತುವ ಪಂಪಲ್ಲ ಎಂದು ತಿಳಿಸಿದ ಮೇಲೆ ಕುರ್ಚಿ ಹಾಕಿ ಕೂರಿಸಿ, ಹತ್ತು ಕಡೆ ಫೋನು ಮಾಡಿ, ತಮಗೇನೂ ಸಿಗದ ಈ ವ್ಯಾಪಾರಕ್ಕೆ ಹುಬ್ಬಳ್ಳಿಯ ಫಿಟ್ಟರ್ ಒಬ್ಬನನ್ನು ಗೊತ್ತುಮಾಡಿ ಕೊಟ್ಟರು.

ಫಿಟ್ಟರ್ ಬಂದು ಹೊಂಡದ ಉದ್ದ, ಅಗಲ, ಆಳ ಅಳೆದ. ಯಂತ್ರ ಎಷ್ಟು ದೊಡ್ಡದು ಬೇಕೆನ್ನುವುದು ಇದರ ಮೇಲೆ ನಿಂತಿದೆ ಎಂದ.

"ದಿನಾ ಎಷ್ಟ ಮಂದಿ ಈಜ್ತಾರ್ರಿ?"

"ಒಬ್ಬರು. ಈಜೂದಿಲ್ಲ, ನಡೀತಾರ."

ಅವನು ಒಂದು ಕ್ಷಣ ನನ್ನ ಮುಖ ನೋಡಿ, ಅಕ್ಕನ ಕಡೆ ತಿರುಗಿದ. "ನೀರು ಎಷ್ಟ ಡಿಗ್ರಿ ಇರಬೇಕ್ರಿ ಅಮ್ಮಾರ?"

"ಕೂಸಿಗೆ ಎರೀತಾರಲ್ಲ, ಅಷ್ಟು."

ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಅಕ್ಕ ಬಕೆಟ್ಟಿನಲ್ಲಿ ಬಿಸಿನೀರು ತರಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ, "ಇಷ್ಟು" ಎಂದಳು. ಅವನು ಅದರಲ್ಲಿ ಥರ್ಮಾಮೀಟರ್ ಇಳಿಬಿಟ್ಟ. ಲೆಕ್ಕ ಹಾಕಿ, ಸಂಕೋಚದಿಂದ ಹೇಳಿದ:

"ಒಂದು ಮಾತ್ರಿ. ರಾತ್ರಿ ಹೊಂಡಕ್ಕ ದಪ್ಪನ್ನ ಪ್ಲಾಸ್ಟಿಕ್ ಹಾಳಿ ಹೊಚ್ಚಬೇಕ್ರಿ. ಇಲ್ಲಂದ್ರ ಕಾದ ನೀರೆಲ್ಲ ಆರಿಹೋಗತೈತಿ. ಹೊಚ್ಚಿದ್ರ ಸಣ್ಣ ಯಂತ್ರನ ಸಾಕು."

ಅಕ್ಕ ಅವನನ್ನು ಕರುಣೆಯಿಂದ ನೋಡಿದಳು. "ಗಡಿಗಿಗೆ ಮುಚ್ಚಳ ಮುಚ್ಚರಿ ಅಂತ ಹೇಳಾಕ ಹುಬ್ಬಳ್ಳಿಯಿಂದ ಬಂದ್ಯಾ ತಮ್ಮಾ? ಊಟ ಮಾಡಿ ಹೋಗು."

ಮೂರು ಮೂಲೆ

ಯಂತ್ರ ಬಂದ ದಿನವೇ ಹಿರೇಕೆರೂರಿನಿಂದ ನಮ್ಮ ಸೋದರಮಾವನೂ ಬಂದ. ಅವನಿಗೆ ವಾಸ್ತು ಗೊತ್ತು. ಗೊತ್ತೆಂಬುದು ನಮಗೂ ಗೊತ್ತು.

"ನೀರು ಕಾಯಿಸ್ತೈತಿ ಅಂದ್ರ ಅಗ್ನಿ. ಆಗ್ನೇಯಕ್ಕ ಇಡು" ಎಂದ. ಫಿಟ್ಟರ್ ಮತ್ತು ಎಲೆಯವ ಯಂತ್ರವನ್ನು ಆಗ್ನೇಯಕ್ಕೆ ಹೊತ್ತರು. ಕೆಳಗಿಟ್ಟ ಮೇಲೆ ಮಾವ ಕೇಳಿದ, "ಒಳಗ ನೀರು ಹರೀತೈತೇನು?"

"ಹರೀತೈತ್ರಿ."

"ಹಂಗಾದ್ರ ಈಶಾನ್ಯ."

ಈಶಾನ್ಯಕ್ಕೆ ಹೊತ್ತರು. ಅಲ್ಲಿ ಫಿಟ್ಟರ್ ಬಾಯಿತಪ್ಪಿ, ಮುಂದೆ ಗೋಡೆಯಿರಬಾರದು, ಗಾಳಿ ಜೋರಾಗಿ ಬೀಸುತ್ತದೆ ಎಂದ. ಮಾವ ಕಣ್ಣು ಮುಚ್ಚಿ ಯೋಚಿಸಿದ. "ವಾಯು ಐತಿ ಅಂತ ಮೊದಲ ಹೇಳಬಾರದೇನು? ವಾಯವ್ಯ."

ಎಲೆಯವ ಯಂತ್ರದ ಮೇಲೆಯೇ ಕುಳಿತುಬಿಟ್ಟ. "ಮಾವಾರ, ಇನ್ನ ಆಕಾಶ ಒಂದ ಉಳೀತು. ಹಾರಿಸಾಕ ನನ್ನಿಂದಾಗೂದಿಲ್ಲ."

ಫಿಟ್ಟರ್ ಮೆಲ್ಲಗೆ ವೈರಿನ ಸುರುಳಿ ಬಿಚ್ಚಿದ. ಬೋರಿನ ಪಂಪ್ ಮನೆಯಿಂದ ಅದು ತೋಟದ ಬೇಲಿಯ ಹತ್ತಿರದವರೆಗೆ ಬಂತು, ಮುಂದೆ ಬರಲಿಲ್ಲ. ಅಲ್ಲಿ ನೆಲ ಗಟ್ಟಿಯಾಗಿತ್ತು, ಸುತ್ತ ಬಯಲಿತ್ತು.

ಮಾವ ಆ ಜಾಗವನ್ನು ಮೇಲಿಂದ ಕೆಳಗೆ ನೋಡಿ ಹೇಳಿದ, "ಮುಂಜಾನಿಂದ ನಾನೂ ಅದನ್ನ ಹೇಳಾಕತ್ತೇನಿ. ಯಾರ ಕೇಳಬೇಕು?"

ತೊಟ್ಟಿಕ್ಕಿದ್ದು

ನೀರು ಕಾಯಿತು. ಅಕ್ಕ ಮೊಣಕೈ ಅದ್ದಿ, ಹೂಂ ಎಂದು, ಇಳಿದಳು. ಕಂಬಿ ಹಿಡಿದು ಆ ತುದಿಯಿಂದ ಈ ತುದಿಗೆ ನಡೆದಳು. ನನ್ನ ಹೆಂಡತಿ ಜೊತೆಗಿದ್ದಳು.

ಆಗ ಯಂತ್ರದ ಬುಡದಲ್ಲಿ ನೀರು ತೊಟ್ಟಿಕ್ಕುವುದು ಕಾಣಿಸಿತು. ಹೊಂಡ ಸೋರುತ್ತಿದೆ ಎಂದು ಎಲ್ಲರೂ ಟೈಲ್ಸ್ ಹಾಕಿದ ಹಿರೇಬೆಂಡಿಗೇರಿಯ ಗೌಂಡಿಯ ಮೇಲೆ ತಪ್ಪು ಹೊರಿಸಿದರು. ಹೇಳಿಕಳಿಸಿದ ಕೂಡಲೇ ಅವನು ಸಿಟ್ಟಿನಲ್ಲಿ ಬಂದ. "ನನ್ನ ಕೈಯಾಗ ಕಟ್ಟಿದ್ದು ಸೋರೂದಿಲ್ರಿ" ಎಂದ. ತಣ್ಣೀರಿನ ತಂಬಿಗೆಯ ಮೈ ಬೆವರುವಂತೆ ಯಂತ್ರವೂ ಬೆವರುತ್ತದೆ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಹೊಂಡದ ನೀರಿಗೆ ಔಷಧ ಹಾಕಿರುತ್ತೇವೆ, ರುಚಿ ನೋಡಿದರೆ ತಿಳಿಯುತ್ತದೆ ಎಂದೆ. ಆ ಮಾತು ಕಿವಿಗೆ ಬಿತ್ತು.

ಗೌಂಡಿ ತೊಟ್ಟಿಕ್ಕುವ ನೀರನ್ನು ನಾಲಿಗೆಗೆ ಹಚ್ಚಿಕೊಂಡ. "ಮಳಿನೀರು ಇದ್ದಂಗೈತಿ." ಹೋಲಿಸಲು ಹೊಂಡಕ್ಕೆ ಬಂದ. ಬೊಗಸೆ ತುಂಬಿಕೊಂಡು, ನೀರಿನಲ್ಲಿದ್ದ ಅಕ್ಕನನ್ನು ನೋಡಿ ಅನುಮಾನಿಸಿದ.

"ಕುಡಿಯೋ. ನಾನೇನ್ ಹಾಗಲಕಾಯಿ ಅಲ್ಲ" ಎಂದಳು ಅಕ್ಕ.

ಅವನು ಗುಟುಕರಿಸಿದ. ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು, ಮಾನ ಉಳಿಯಿತು.

ಅಕ್ಕ ಅವನ ಮುಖವನ್ನೇ ನೋಡಿದಳು. "ಇಷ್ಟ ವರ್ಷದಾಗ ಇವತ್ತ ಗೊತ್ತಾತು ನೋಡು, ನಾ ಹಾಗಲಕಾಯಿನ ಅಂತ."

ಗಾಳಿ

ಚಳಿ ಕಳೆಯುವ ಹೊತ್ತಿಗೆ ಅಕ್ಕ ನೀರಿನೊಳಗೆ ಕಂಬಿ ಬಿಟ್ಟು ನಡೆಯುತ್ತಿದ್ದಳು. ಆದರೆ ಮೆಟ್ಟಿಲು ಹತ್ತಿ ಮೇಲೆ ಬಂದರೆ ಮತ್ತೆ ಸವತಿ. ಡಾಕ್ಟರು ಕಾಲು ಒತ್ತಿ ನೋಡಿ, "ಕಾಲು ತಯಾರಾಗ್ಯಾವ. ಇನ್ನ ನಿಮ್ಮ ಧೈರ್ಯ ತಯಾರಾಗಬೇಕು" ಎಂದರು. ಅದಕ್ಕೆ ಯಾವ ಅಂಗಡಿಯಲ್ಲೂ ಯಂತ್ರ ಸಿಗುವುದಿಲ್ಲ.

ಬೇಸಿಗೆ ಬಂತು. ಎಲೆಯವನಿಗೆ ಅದು ಕೆಟ್ಟ ಕಾಲ. ಕೊಯ್ದ ಎಲೆ ಒದ್ದೆ ಚೀಲದಲ್ಲಿ ಸುತ್ತಿಟ್ಟರೂ ಪೇಟೆ ಮುಟ್ಟುವುದರೊಳಗೆ ಬಾಡುತ್ತದೆ. ಒಂದು ಮಧ್ಯಾಹ್ನ ಬೇಲಿ ದಾಟಿ ಬರುವಾಗ ಯಂತ್ರದ ತಂಗಾಳಿ ಅವನ ಕಾಲಿಗೆ ತಾಗಿತು. ಮರುದಿನ ಅವನ ಎಲೆಬುಟ್ಟಿಗಳು ಯಂತ್ರದ ಮುಂದೆ ಸಾಲಾಗಿ ಕುಳಿತಿದ್ದವು. ಅವುಗಳ ಹಿಂದೆ ಅಕ್ಕಿ ಹಸನು ಮಾಡುವ ಹೆಣ್ಣುಮಕ್ಕಳು ಬಂದರು. ಅವರ ಹಿಂದೆ ಒಬ್ಬ ಮುದುಕ ಚಾಪೆಯನ್ನೇ ತಂದ. ನಮಗೆ ಸಂತೋಷವೇ ಆಯಿತು. ಹಂಡೆಯ ನೀರು ಹೊತ್ತು ತಂದವರಿಗೆ ಒಂದಿಷ್ಟು ಗಾಳಿಯನ್ನಾದರೂ ಕೊಟ್ಟೆವಲ್ಲ.

ತೊಂದರೆ ಒಂದೇ. ಬಿಸಿಲಿನ ಕಾಲದಲ್ಲಿ ನೀರು ಬೇಗ ಕಾಯುತ್ತದೆ; ಕಾದ ಕೂಡಲೇ ಯಂತ್ರ ತಾನೇ ನಿಲ್ಲುತ್ತದೆ.

"ಯಾಕ ನಿಂತತ್ರಿ ಮಾಸ್ತರ?" ಎಲೆಯವ ಕೇಳಿದ.

"ನೀರು ಕಾದೈತಿ."

"ತಣ್ಣಗಾದ್ರ?"

"ಮತ್ತ ಸುರು ಆಗತೈತಿ."

ಅಷ್ಟೇ ಹೇಳಿದ್ದೆ. ಆ ವಾರದಿಂದ ಹೊಂಡ ತುಂಬಿ ಹೊರಗೆ ಚೆಲ್ಲತೊಡಗಿತು. ಸಂಜೆ ಇಳಿದ ಅಕ್ಕ, "ಇದು ಕೂಸಿನ ನೀರಲ್ಲ" ಎಂದು ಹತ್ತಿಬಿಡುತ್ತಿದ್ದಳು. ಫಿಟ್ಟರ್‌ಗೆ ಫೋನು ಮಾಡಿದೆ. ಅವನು ಕೇಳಿದ್ದನ್ನೆಲ್ಲ ನೋಡಿ ಹೇಳಿದೆ. ಯಂತ್ರದ್ದೇನೂ ತಪ್ಪಿಲ್ಲ ಎಂದ.

ರವಿವಾರ ಮಧ್ಯಾಹ್ನ ನಾನು ಹಿತ್ತಲ ಪಡಸಾಲೆಯಲ್ಲಿ ಓದುತ್ತ ಕುಳಿತಿದ್ದೆ. ಅಕ್ಕ ಒಳಗೆ ಕಿಟಕಿಯ ಹತ್ತಿರ ಮಲಗಿದ್ದಳು. ಯಂತ್ರ ನಿಂತಿತು. ಎಲೆಯವ ಅತ್ತಿತ್ತ ನೋಡಿ, ಬೋರಿನ ಪೈಪನ್ನು ಮೆಲ್ಲಗೆ ಎಳೆದು ತಂದು ಹೊಂಡದೊಳಗೆ ಬಿಟ್ಟು, ಬೇಲಿಯ ಹತ್ತಿರ ತನ್ನ ಬುಟ್ಟಿಗಳ ಬಳಿಗೆ ಹೋಗಿ ನಿಂತ. ಹೆಣ್ಣುಮಕ್ಕಳು ಮೊರ ಕೈಯಲ್ಲಿ ಹಿಡಿದು, ಏನೂ ಕಾಣದವರಂತೆ ಅಕ್ಕಿಯಲ್ಲಿ ಹರಳು ಹುಡುಕಿದರು.

"ಲೇ ಎಲಿಯವನ! ನನ್ನ ನೀರಿಗೆ ಕೈ ಹಚ್ತೀಯೇನಲೇ!"

ನಾನು ತಲೆಯೆತ್ತುವುದರೊಳಗೆ ಅಕ್ಕ ನನ್ನನ್ನು ದಾಟಿ ಹೋಗಿದ್ದಳು. ಬಾಗಿಲು, ಹೊಂಡದ ಅಂಚು, ಮುದುಕನ ಚಾಪೆ, ಎಲ್ಲ ದಾಟಿ ಬೇಲಿಯ ಹತ್ತಿರ ಹೋಗಿ, ಸೊಂಟದ ಮೇಲೆ ಎರಡೂ ಕೈಯಿಟ್ಟು ನಿಂತಳು. ಎರಡೂ ಕೈ.

ಎಲೆಯವ ಬಾಯಿ ತೆರೆದ. "ಅಕ್ಕಾರ... ಕೋಲು?" ಎಂದ.

ಅಕ್ಕ ತನ್ನ ಕೈ ನೋಡಿಕೊಂಡಳು. ಹಿಂದಕ್ಕೆ ತಿರುಗಿ, ಬಂದ ದಾರಿಯನ್ನೂ ಬಾಗಿಲನ್ನೂ ನೋಡಿದಳು. ನಾನು ಎದ್ದು ನಿಂತಿದ್ದೆ. ಹತ್ತಿರ ಹೋಗಲು ಧೈರ್ಯವಾಗಲಿಲ್ಲ.

"ಮರ್ತು ಬಂದೇನಿ" ಎಂದಳು ಅಕ್ಕ. "ಓಡು, ತೊಗೊಂಡು ಬಾ."

"ಯಾಕ್ರಿ ಅಕ್ಕಾರ? ಇಷ್ಟ ಛಲೋ ನಡದ್ರಲ್ಲ, ಇನ್ನ ಯಾಕ್ ಬೇಕು?"

"ನಡಿಯಾಕಲ್ಲೋ. ನಿನ್ನ ಬೆನ್ನಿಗೆ ಬೇಕು."

ಎಲೆಯವ ಓಡಿದ. ಕೋಲು ತಂದು ಎರಡೂ ಕೈಯಿಂದ ಒಪ್ಪಿಸಿ, ತಿರುಗಿ ಬೆನ್ನು ಕೊಟ್ಟು ನಿಂತ. ಅಕ್ಕ ಕೋಲಿನ ತುದಿಗೆ ಪೈಪನ್ನು ಸಿಕ್ಕಿಸಿ ಹೊಂಡದಿಂದ ಆಚೆಗೆ ಎಳೆದು ಒಗೆದಳು. ಕೋಲನ್ನು ಅವನ ಕೈಗೇ ವಾಪಸು ಕೊಟ್ಟಳು. ಬುಟ್ಟಿಯ ಒದ್ದೆ ಚೀಲ ಸರಿಸಿ, ಒಂದು ಎಲೆ ಎಳೆದು, ಬೆಳಕಿಗೆ ಹಿಡಿದು ನೋಡಿದಳು.

"ಎಲಿ ಬಾಡಿಲ್ಲ" ಎಂದಳು. "ಗಾಳಿ ಬೇಕಂದ್ರ ನನ್ನ ಕರೀರಿ, ನಾನ ಇಳಿದು, ನೀರು ಕಲಕಿ ತಣ್ಣಗ ಮಾಡ್ತೇನಿ. ಈಗ ಸುಣ್ಣ ಕೊಡು."

ಎಲೆ ಮಡಚಿ ಬಾಯಿಗಿಟ್ಟುಕೊಂಡು ಅಕ್ಕ ಮನೆಯ ಕಡೆ ನಡೆದಳು, ನಿಧಾನವಾಗಿ, ಕೈಬೀಸಿಕೊಂಡು. ಹಿಂದಿನಿಂದ ಎಲೆಯವ ಸವತಿಯನ್ನು ಹೆಗಲ ಮೇಲೆ ಹೊತ್ತು ಬಂದು, ಬಾಗಿಲಲ್ಲಿ ನಿಂತು ಕೇಳಿದ:

"ಅಕ್ಕಾರ, ಈಕಿನ್ನ ಎಲ್ಲಿ ಇಡ್ಲಿ? ಮಾವಾರನ್ನ ಕೇಳಬೇಕೇನು?"