ತಿನಿಸಿನ ಕಪಾಟಿಗೆ ಬೀಗ

ಬೇರೆಯವರ ಮಗುವನ್ನು ಮನೆಯಲ್ಲಿಟ್ಟುಕೊಂಡು ಸಾಕಲು ಸರ್ಕಾರದ ಒಪ್ಪಿಗೆ ಬೇಕು, ಅದಕ್ಕೊಬ್ಬ ಅಧಿಕಾರಿ ಬಂದು ನೋಡುತ್ತಾರೆ ಎಂದಾಗ, ಅವರು ನೋಡುವುದು ಮನೆಯನ್ನು ಎಂದೇ ನೆವಿಲ್ ಪೆನ್‌ರೋಸರು ತಿಳಿದಿದ್ದರು. ತಪ್ಪು ಅವರದಲ್ಲ, ಅವರ ಉದ್ಯೋಗದ್ದು. ಕಡಲ ದಂಡೆಯ ವಲಾರೂ ಊರಿನಲ್ಲಿ ಮೂವತ್ತೊಂದು ವರ್ಷ ಆಹಾರ ತನಿಖಾಧಿಕಾರಿಯಾಗಿದ್ದು ನಿವೃತ್ತರಾದವರು. ಅವರು ಒಳಗೆ ಕಾಲಿಟ್ಟರೆ ಮೀನು ಕರಿಯುವ ಅಂಗಡಿಯ ಎಣ್ಣೆಯೂ ಒಂದು ಕ್ಷಣ ತಣ್ಣಗಾಗುತ್ತಿತ್ತು.

ಮಗು ಎಂದರೆ ಪಕ್ಕದ ಬೀದಿಯ ಶೋನಾ, ಒಂಬತ್ತು ವರ್ಷ. ಅವಳನ್ನು ಸಾಕುತ್ತಿದ್ದ ಅಜ್ಜಿ ಆಸ್ಪತ್ರೆ ಸೇರಿ, ಅಲ್ಲಿಂದ ವೃದ್ಧಾಶ್ರಮಕ್ಕೆ ಹೋದಾಗ, “ಎರಡು ದಿನ ಇಟ್ಕೊಳ್ತೀರಾ?” ಎಂದು ಮಕ್ಕಳ ಕಲ್ಯಾಣ ಇಲಾಖೆಯವರು ನೆವಿಲರ ಹೆಂಡತಿ ಮೆರ್ಲ್‌ಗೆ ಫೋನು ಮಾಡಿದ್ದರು. ಎರಡು ದಿನ ಹೋಗಿ ಹತ್ತು ವಾರವಾಗಿತ್ತು. ಪಕ್ಕಾ ಒಪ್ಪಿಗೆ ಸಿಕ್ಕರೆ ಶೋನಾ ಇಲ್ಲೇ. ಸಿಗದಿದ್ದರೆ ದೂರದ ಅಡಿಲೇಡ್ ನಗರದಲ್ಲಿ ಯಾವುದೋ ಮನೆ, ಯಾವುದೋ ಶಾಲೆ. ಆ ಮಾತು ಬಂದಾಗಲೆಲ್ಲ ಮೆರ್ಲ್ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು.

“ನೀನು ಚಿಂತೆ ಬಿಡು,” ಎಂದರು ನೆವಿಲ್. “ತನಿಖೆ ಅಂದ್ರೆ ಏನು ಅಂತ ಈ ಊರಿಗೇ ಕಲಿಸಿದವನು ನಾನು.”

“ಹೌದೌದು. ಚರ್ಚಿನ ಸಂತೇಲಿ ನಮ್ಮಮ್ಮನ ಕ್ರೀಮ್ ಬನ್ನಿಗೆ ನೋಟೀಸು ಅಂಟಿಸಿದವನೂ ನೀನೇ.”

“ಐದು ದಾಟಬಾರದ ಕ್ರೀಮು ಹದಿನಾಲ್ಕು ಡಿಗ್ರಿ ಇತ್ತು, ಮೆರ್ಲ್!”

“ನಮ್ಮಮ್ಮ ನೂರು ಡಿಗ್ರಿ ಆಗಿದ್ಲು.”

ನೆವಿಲ್ ನಲವತ್ತೆರಡು ಅಂಶಗಳ ಪಟ್ಟಿ ಸಿದ್ಧಪಡಿಸಿದರು. (ಇಲಾಖೆಯವರ ಪಟ್ಟಿಯನ್ನು ಓದಲಿಲ್ಲ. ಅನುಭವಸ್ಥರು ಓದುವುದಿಲ್ಲ.) ಬೇಲಿ ಭದ್ರವಾಯಿತು, ಹೊಗೆ ಪತ್ತೆಯ ಗಂಟೆಗಳು ನಾಲ್ಕಾದವು, ಫ್ರಿಜ್ಜಿನೊಳಗೆ ಥರ್ಮಾಮೀಟರು ತೂಗಿತು. ಔಷಧಿ, ಚಾಕು, ನೆಲ ಒರೆಸುವ ದ್ರಾವಣ ಎಲ್ಲಕ್ಕೂ ನಾಲ್ಕಂಕಿಯ ಬೀಗ. ಕೊನೆಗೆ ತಮ್ಮ ಕಿರೀಟಪ್ರಾಯ ಸಾಧನೆಯಾಗಿ ತಿನಿಸಿನ ಕಪಾಟಿಗೂ ಒಂದು ಬೀಗ ಜಡಿದರು. ಇಲಿಗೆ ಹಲ್ಲಿರಬಹುದು, ಅಂಕಿ ಗೊತ್ತಿರುವುದಿಲ್ಲ ಎಂಬುದು ಅವರ ತರ್ಕ.

ಶುಕ್ರವಾರ ಡೆಸ್ಪಿನಾ ಎಂಬ ಅಧಿಕಾರಿ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ನಗುಮುಖ. ನೆವಿಲರಿಗೆ ಅಲ್ಲೇ ಅಸಮಾಧಾನ. ತನಿಖೆಗೆ ಬಂದವರು ನಗುವುದುಂಟೆ? ಇಡೀ ಮನೆಯನ್ನು ಏಳು ನಿಮಿಷದಲ್ಲಿ ನೋಡಿ ಮುಗಿಸಿ, ಚಹಾ ಹಿಡಿದು ಸೋಫಾದಲ್ಲಿ ಕುಳಿತೇಬಿಟ್ಟಳು.

“ನೆವಿಲ್, ಚಿಕ್ಕವರಿದ್ದಾಗ ನೀವು ತಪ್ಪು ಮಾಡಿದ್ರೆ ನಿಮ್ಮಪ್ಪ ಏನ್ಮಾಡ್ತಿದ್ರು?”

“ಫ್ರಿಜ್ಜು ನಾಲ್ಕು ಡಿಗ್ರಿ ಇದೆ,” ಎಂದರು ನೆವಿಲ್.

“ಸರಿ. ನೀವಿಬ್ರೂ ಜಗಳ ಆಡಿದ್ರೆ ಹೇಗೆ ರಾಜಿ ಆಗ್ತೀರಿ?”

“ಇವನು ಹಿತ್ತಲ ಶೆಡ್ಡಿಗೆ ಹೋಗಿ ಕೂತ್ಕೋತಾನೆ,” ಎಂದರು ಮೆರ್ಲ್. “ಹೊಟ್ಟೆ ಹಸಿದಾಗ ರಾಜಿ. ಕ್ರೀಮ್ ಬನ್ನಿನ ವಿಷಯಕ್ಕೆ ಮಾತ್ರ ಹನ್ನೊಂದು ದಿನ ಹಿಡೀತು.”

ಡೆಸ್ಪಿನಾ ಅದನ್ನೂ ಬರೆದುಕೊಂಡಳು. ನೆವಿಲ್ ಆ ಪೆನ್ನನ್ನೇ ನೋಡಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಪೆನ್ನು ಇನ್ನೊಬ್ಬರ ಕೈಯಲ್ಲಿತ್ತು. ಕೈಜಾರುತ್ತಿರುವ ತನಿಖೆಯನ್ನು ಸರಿದಾರಿಗೆ ತರಲು ಅವರು ಎದ್ದು, ತಿನಿಸಿನ ಕಪಾಟಿನ ಮುಂದೆ ನಿಂತು, ಕೈ ಚಾಚಿ ತೋರಿಸಿದರು.

“ಇದನ್ನ ನೀವು ಸರಿಯಾಗಿ ನೋಡಲೇ ಇಲ್ಲ. ನನ್ನ ಅಪ್ಪಣೆ ಇಲ್ಲದೆ ಇಲ್ಲಿಂದ ಒಂದು ಬಿಸ್ಕತ್ತೂ ಅಲ್ಲಾಡಲ್ಲ!”

ನಗು ಮಾಯವಾಯಿತು. “ಊಟ ತಿಂಡಿಗೆ ಬೀಗವಾ?” ಎಂದಳು ಡೆಸ್ಪಿನಾ, ಬಹಳ ಮೆಲ್ಲಗೆ. “ಇದು ಕೂಡದು ಅನ್ನೋದೇ ನಮ್ಮ ಮೊದಲನೇ ನಿಯಮ, ನೆವಿಲ್. ಎಷ್ಟೋ ಮಕ್ಕಳು ಬೀಗ ಹಾಕಿದ ಅಡುಗೆಮನೆಯಿಂದಲೇ ನಮ್ಮ ಹತ್ರ ಬರ್ತಾರೆ. ಮಗು ಹಸಿವಾದಾಗ ಯಾರನ್ನೂ ಕೇಳದೆ ತಿನ್ನೋ ಹಾಗಿರಬೇಕು.”

ಮೆರ್ಲ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಅವರು ಗಂಡನನ್ನು ನೋಡಿದ ನೋಟದಲ್ಲಿ ಅಡಿಲೇಡಿಗೆ ಹೊರಟ ಬಸ್ಸೊಂದು ಕಾಣುತ್ತಿತ್ತು.

“ಇಲ್ಲ, ಅದು ಇಲಿಗೆ... ಈಗಲೇ ತೆಗೀತೀನಿ!” ನೆವಿಲ್ ಬೀಗದ ಅಂಕಿ ತಿರುಗಿಸಿದರು. ತೆರೆಯಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಅವಸರದಲ್ಲಿ ಸೊನ್ನೆಯ ಜಾಗಕ್ಕೆ ಒಂಬತ್ತು ಬಂತು.

ಹಿತ್ತಲಿನಿಂದ ಬಂದ ಶೋನಾ ಅವರ ತೋಳಿನಡಿ ನುಸುಳಿ, ಟಕ್ ಟಕ್ ಎಂದು ನಾಲ್ಕು ಅಂಕಿ ತಿರುಗಿಸಿ, ಬಾಗಿಲು ತೆರೆದು, ಬಿಸ್ಕತ್ತಿನ ಡಬ್ಬಿ ತೆಗೆದುಕೊಂಡಳು. ಡಬ್ಬಿ ಅರ್ಧ ಖಾಲಿಯಿತ್ತು.

“ನಿಂಗೆ ಹೇಗೆ ಗೊತ್ತು?” ಎಂದಳು ಡೆಸ್ಪಿನಾ.

“ನನ್ನ ಹುಟ್ಟಿದ ದಿನ. ಎಲ್ಲಾ ಬೀಗಕ್ಕೂ ಅದನ್ನೇ ಇಟ್ಟಿದಾನೆ ನೆವ್ ತಾತ. ನಾನು ಬಂದು ಒಂದು ವಾರಕ್ಕೇ ಕೇಳಿ ಬರ್ಕೊಂಡ, ಮರೆತುಹೋಗಬಾರದು ಅಂತ.”

ನೆವಿಲ್ ಫ್ರಿಜ್ಜಿನ ಥರ್ಮಾಮೀಟರನ್ನು ಅತ್ಯಂತ ಗಮನವಿಟ್ಟು ನೋಡತೊಡಗಿದರು. ಡೆಸ್ಪಿನಾ ಶೋನಾಳನ್ನು ಕರೆದುಕೊಂಡು ಹಿತ್ತಲಿಗೆ ಹೋಗಿ, ಕೋಳಿಗೂಡಿನ ಪಕ್ಕ ಅರ್ಧ ಗಂಟೆ ಕುಳಿತು ಮಾತಾಡಿ ಬಂದಳು.

“ಎರಡು ಷರತ್ತು,” ಎಂದಳು ಬಾಗಿಲಲ್ಲಿ. “ತಿನಿಸಿನ ಬೀಗ ಇವತ್ತೇ ತೆಗೀಬೇಕು. ಔಷಧಿ ಕಪಾಟಿನ ಅಂಕಿ ಇವತ್ತೇ ಬದಲಾಗಬೇಕು.”

“ನನ್ನ ಹುಟ್ಟಿದ ದಿನ ಇಡೋಣ,” ಎಂದರು ಮೆರ್ಲ್. “ಅದೇ ಕ್ಷೇಮ. ಇವನಿಗೇ ಗೊತ್ತಿಲ್ಲ.”

ಮೂರು ವಾರದ ನಂತರ ಒಪ್ಪಿಗೆ ಪತ್ರ ಬಂತು. ಡೆಸ್ಪಿನಾ ತಿಂಗಳಿಗೊಮ್ಮೆ ಬಂದು ನೋಡುತ್ತಾಳೆ, ವರ್ಷಕ್ಕೊಮ್ಮೆ ಎಲ್ಲವೂ ಮರುಪರಿಶೀಲನೆ ಎಂದು ಅದರಲ್ಲಿತ್ತು. ನೆವಿಲ್ ಪತ್ರವನ್ನು ಮೂರು ಸಲ ಓದಿ, ಕನ್ನಡಕ ಒರೆಸಿಕೊಂಡರು. ತನಿಖಾಧಿಕಾರಿಯ ಗತ್ತು ಪೂರ್ತಿ ವಾಪಸು ಬಂದಿತ್ತು. ತಮ್ಮ ಪಟ್ಟಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದರು.

“ಶೋನಾ, ಆವತ್ತು ಕೋಳಿಗೂಡಿನ ಹತ್ರ ಆಕೆ ಕೇಳಿದಾಗ, ಈ ನಲವತ್ತೆರಡರಲ್ಲಿ ಯಾವುದನ್ನ ಮುಖ್ಯವಾಗಿ ಹೇಳ್ದೆ? ಯಾವುದಕ್ಕೆ ನಾವು ಪಾಸಾಗಿದ್ದು?”

ಶೋನಾ ಪಟ್ಟಿಯ ಕಡೆ ನೋಡಲೂ ಇಲ್ಲ.

“ಯಾವುದಕ್ಕೂ ಇಲ್ಲ. ನಾನು ಇಲ್ಲೇ ಇರ್ತೀನಿ ಅಂದೆ. ಆ ಬಿಸ್ಕತ್ತಿನ ಡಬ್ಬಿ ಈ ಕಡೆ ತಳ್ಳು, ತಾತ.”