ಹಾರ ಬಿಚ್ಚದ ಪಿಳ್ಳಪ್ಪನವರು

ಸನ್ಮಾನ ಸಮಾರಂಭಕ್ಕೆ ಹೋದವರು ಸನ್ಮಾನಿತರ ಮುಖ ನೋಡುತ್ತಾರೆ, ಇಲ್ಲವೇ ಊಟ ಎಲ್ಲಿಗೆ ಬಂತೆಂದು ನೋಡುತ್ತಾರೆ. ನಾನು ಮಾತ್ರ ಹಾರ ನೋಡುತ್ತೇನೆ. ಭಾಷಣದ ಒಂದು ಮಾತೂ ನನ್ನ ಕಿವಿಗೆ ಬೀಳುವುದಿಲ್ಲ. ಇದು ರೋಗವೋ ಚಟವೋ ನನಗೇ ಗೊತ್ತಿಲ್ಲ, ಆದರೆ ಕಾರಣ ಗೊತ್ತಿದೆ: ಆ ಹಾರ ನಾನು ಮಾಡಿದ್ದಾಗಿರುತ್ತದೆ. ರೇಷ್ಮೆಗೂಡಿನ ಹಾರವನ್ನು ನೀವೂ ನೋಡಿರುತ್ತೀರಿ. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡು ನೂಲು ತೆಗೆಯುವವರಿಗೆ ಬೇಡ. ಅದನ್ನು ನಾನು ಚೀಲಗಟ್ಟಲೆ ತಂದು, ಎಸಳೆಸಳಾಗಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಹೂವಿನ ಹಾಗೆ ಅಂಟಿಸಿ, ನಡುವೆ ಮಣಿ ಪೋಣಿಸಿ, ತುದಿಗೆ ಜರಿಯ ಕುಚ್ಚು ಕಟ್ಟುತ್ತೇನೆ. ಒಂದು ಒಳ್ಳೆಯ ಹಾರಕ್ಕೆ ವಾರ ಹಿಡಿಯುತ್ತದೆ. ಅದು ಗಣ್ಯರ ಕೊರಳಲ್ಲಿರುವುದು ಒಂದು ಫೋಟೋ ತೆಗೆಯುವಷ್ಟು ಹೊತ್ತು.

ಹಾಕಿಸಿಕೊಂಡ ಹಾರವನ್ನು ತಕ್ಷಣ ಬಿಚ್ಚುವುದು ದೊಡ್ಡವರ ಸೌಜನ್ಯವಂತೆ. ಇರಬಹುದು. ಆದರೆ ಈ ಸೌಜನ್ಯ ಎಷ್ಟು ಮುಂದುವರಿದಿದೆ ಎಂದರೆ, ಹಾರ ಭುಜಕ್ಕೆ ತಾಗುವ ಮೊದಲೇ ಅವರ ಎರಡೂ ಕೈ ಮೇಲೆದ್ದಿರುತ್ತವೆ. ಕೆಲವರು ಬಗ್ಗಿದ ತಲೆಯನ್ನು ಎತ್ತುವುದೇ ಇಲ್ಲ, ಹಾಗೇ ಜಾರಿಸಿ ಪಕ್ಕದವರ ಕೈಗೆ ಕೊಟ್ಟುಬಿಡುತ್ತಾರೆ. ಆಮೇಲೆ ಅದು ನೀರಿನ ಬಾಟಲಿಗಳ ಮಧ್ಯೆ ಮೇಜಿನ ಮೇಲೆ ಬಿದ್ದಿರುತ್ತದೆ. ಶ್ರೀನಿವಾಸಪುರದಲ್ಲಿ ಮಾವು ಬೆಳೆಗಾರರ ಸಭೆಯೊಂದರಲ್ಲಿ ನನ್ನ ನೀಲಿ ಹಾರ ಮೈಕಿನ ಕಂಬಕ್ಕೆ ನೇತಾಡುತ್ತಿತ್ತು. ಮುಳಬಾಗಿಲಿನಲ್ಲಿ ಸಭೆ ಮುಗಿದ ಮೇಲೆ ಒಂದು ಹಾರ ಕುರ್ಚಿಯ ಕೆಳಗೆ ಸಿಕ್ಕಿತು. ಎದೆಗವಚಿಕೊಂಡು ಮನೆಗೆ ತಂದೆ. ನಮ್ಮ ಯಜಮಾನರು ವೇಮಗಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಯಾವ ವಸ್ತುವೂ ವ್ಯರ್ಥವಾಗಬಾರದು ಎನ್ನುವ ಸ್ವಭಾವ. "ಒಳ್ಳೇದಾಯ್ತು ಬಿಡೇ, ಇನ್ನೊಂದ್ಸಲ ಮಾರು" ಅಂದರು. ಅವತ್ತು ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಅವರಿಗೆ ಗೊತ್ತೇ ಆಗಲಿಲ್ಲ, ಪುಣ್ಯಾತ್ಮ.

ಹೀಗೆ ಒಂದೊಂದು ಸಭೆಯಿಂದ ಬರುವಾಗಲೂ ನನ್ನೊಳಗೆ ಯಾರೋ ಕೂತು ಕೇಳುತ್ತಿದ್ದರು: "ಯಾರಿಗೆ ಬೇಕಾಗಿದೆ ನಿನ್ನ ಈ ಕಲೆ?" ಈ ಪೀಡೆ ತೊಲಗಲೆಂದು ಮೊಬೈಲಿನಲ್ಲಿ ಸ್ಫೂರ್ತಿ ತುಂಬುವವರ ವಿಡಿಯೋ ನೋಡತೊಡಗಿದೆ. ಕೋಟು ಹಾಕಿಕೊಂಡ ಒಬ್ಬ ಮಹಾನುಭಾವರು, ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು "ನಾನು ಸಾಧಿಸಿಯೇ ಸಾಧಿಸುತ್ತೇನೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳಿ ಅಂದರು. ಹೇಳಿಕೊಂಡೆ. ಹಿಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ ಯಜಮಾನರು, "ಸಾಧಿಸಿದ್ದಾಯ್ತಾ? ನಾನು ಗಡ್ಡ ಹೆರ್ಕೋಬೇಕು, ಬಸ್ಸು ಬರ್ತದೆ" ಅಂದರು. ಸ್ಫೂರ್ತಿ ಅಲ್ಲಿಗೆ ಠುಸ್ ಅಂತು.

ಸುಗಟೂರಿನ ನನ್ನ ತವರುಮನೆಯಲ್ಲಿ ಹುಳು ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪನ್ನು ಹಗಲೂ ರಾತ್ರಿ ಮೇದು ಹಣ್ಣಾದ ಹುಳು ತಲೆ ಎತ್ತಿ, ಆ ಕಡೆ ಈ ಕಡೆ ಆಡಿಸುತ್ತಾ ನೂಲು ಬಿಡಲು ಶುರುಮಾಡಿತೆಂದರೆ ನಾನು ಊಟ ಬಿಟ್ಟು ಅದರ ಮುಂದೆ ಕೂರುತ್ತಿದ್ದೆ. ಮೊದಲು ಮಂಜಿನಂಥ ಒಂದು ಪೊರೆ, ಅದರೊಳಗೆ ಹುಳು ಕಾಣುತ್ತಾ ಕಾಣುತ್ತಾ ಮಸುಕಾಗಿ, ಕೊನೆಗೆ ಕಾಣದೇ ಹೋಗುತ್ತದೆ. ಅಬ್ಬಾ, ಅಷ್ಟು ಸಣ್ಣ ಬಾಯಿಂದ ಅಷ್ಟುದ್ದದ ಎಳೆ! ಈಗಲೂ ನೆನೆದರೆ ಮೈ ಜುಂ ಅನ್ನುತ್ತದೆ. ನಾನು ಈ ಕೆಲಸಕ್ಕೆ ಬಿದ್ದದ್ದೇ ಆ ಬೆರಗಿನಿಂದ. ಆದರೆ ಹುಳುವಿಗೂ ನನಗೂ ಒಂದು ವ್ಯತ್ಯಾಸವಿದೆ. ಅರ್ಧ ಗೂಡು ಕಟ್ಟಿ "ಚೆನ್ನಾಗಿದೆಯೇನ್ರೀ?" ಎಂದು ಅದು ಪಕ್ಕದ ಹುಳುವನ್ನು ಕೇಳುವುದಿಲ್ಲ.

ಕೊನೆಗೊಂದು ದಿನ ತೀರ್ಮಾನ ಮಾಡಿದೆ. ಮಾಲೂರಿನ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆಯವರು ಬೇಕಾಗಿದ್ದರು. ಹೋಗಿ ಮಾತಾಡಿದೆ, ಸೋಮವಾರದಿಂದ ಬನ್ನಿ ಅಂದರು. ಕೈಯಲ್ಲಿದ್ದದ್ದು ಒಂದೇ ಆರ್ಡರು, ಅದು ಮುಗಿಸಿ ಬಣ್ಣದ ಬಟ್ಟಲುಗಳನ್ನು ಅಟ್ಟಕ್ಕೆ ಹಾಕುವುದು ಎಂದುಕೊಂಡೆ. ಹೋಳೂರಿನ ಕಡೆಯ ಒಂದು ಹಳ್ಳಿಯ ನೀರುಗಂಟಿ ಪಿಳ್ಳಪ್ಪ ಎನ್ನುವವರು ನಿವೃತ್ತರಾಗುತ್ತಿದ್ದರು. ಊರಿನ ಟ್ಯಾಂಕಿಗೆ ನೀರು ತುಂಬಿಸುವುದು, ಬೀದಿ ಬೀದಿಗೆ ವಾಲ್ವು ತಿರುಗಿಸಿ ನೀರು ಬಿಡುವುದು, ಇದೇ ಅವರ ಜೀವಮಾನದ ಕೆಲಸ. ಅವರಿಗೊಂದು ದೊಡ್ಡ ಹಾರ, ಬರುವ ಗಣ್ಯರಿಗೆ ಒಂದೊಂದು ಸಣ್ಣದು ಎಂದು ಊರಿನವರು ಹೇಳಿದ್ದರು. ಇದೇ ಕೊನೆಯದಲ್ಲವೇ ಎಂದು ಪಿಳ್ಳಪ್ಪನವರ ಹಾರಕ್ಕೆ ನನ್ನ ಇಷ್ಟದ ಗುಲಾಬಿ ಬಣ್ಣ ಕೊಟ್ಟು, ನಾನು ಅಲ್ಲಿಯವರೆಗೆ ಹಾಕದಷ್ಟು ಎಸಳು ಹಾಕಿದೆ. ಕಟ್ಟುವಾಗ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ಗಣ್ಯರಿಗೆ ಹಾರ ಬಿತ್ತು, ಬಿದ್ದ ಹಾಗೇ ಬಿಚ್ಚಿದ್ದೂ ಆಯಿತು. ಅಭ್ಯಾಸವಾಗಿದ್ದರೂ ಎದೆ ಚುರ್ ಅಂತು. ಆಮೇಲೆ ಪಿಳ್ಳಪ್ಪನವರ ಸರದಿ. ಬಿಳಿ ಅಂಗಿ, ಬಿಳಿ ಪಂಚೆ, ತೆಳ್ಳಗೆ ನೆಟ್ಟಗೆ ನಿಂತ ಮುದುಕ. ಹಾರ ಹಾಕಿದರು. ಫೋಟೋ ಆಯಿತು. ಎಲ್ಲರೂ ಕಾದರು. ಪಿಳ್ಳಪ್ಪನವರ ಕೈ ಮೇಲೇಳಲಿಲ್ಲ. ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಹತ್ತಿರ ಹೋಗಿ ಪಿಸುಗುಟ್ಟಿದರು. ಮೈಕು ಆನ್ ಆಗಿದ್ದದ್ದರಿಂದ ಊರಿಗೆಲ್ಲ ಕೇಳಿಸಿತು.

"ಯಜಮಾನ್ರೇ, ಹಾರ ತೆಗೀಬೋದು."

"ಯಾಕ್ ತೆಗೀಲಿ? ನಂಗೇ ಅಲ್ವಾ ಹಾಕಿದ್ದು?"

"ನಿಮಗೇ. ಆದ್ರೂ ಎಲ್ರೂ ತೆಗೀತಾರಲ್ಲ..."

"ಅವ್ರಿಗೆ ದಿನಾ ಹಾಕ್ತಾರೆ ಕಣಪ್ಪಾ, ಸಾಕಾಗಿರ್ತದೆ. ನಂಗೆ ಇವತ್ತೇ ಹಾಕಿರೋದು. ಊರಿಗೆ ನೀರು ಬಿಟ್ಟಿಲ್ವಾ ನಾನು?"

ಸಭೆ ಗೊಳ್ಳೆಂದಿತು. ಆದರೆ ನಗುವಿನಲ್ಲಿ ಅಪಹಾಸ್ಯವಿರಲಿಲ್ಲ, ಚಪ್ಪಾಳೆಯೂ ಸೇರಿಕೊಂಡಿತು. ವೇದಿಕೆಯ ಮೇಲಿದ್ದ ಗಣ್ಯರೊಬ್ಬರು ಅತ್ತ ಇತ್ತ ನೋಡಿ, ಮೇಜಿನ ಮೇಲಿದ್ದ ತಮ್ಮ ಹಾರವನ್ನು ಮೆಲ್ಲಗೆ ಎಳೆದು ಮತ್ತೆ ಕೊರಳಿಗೆ ಹಾಕಿಕೊಂಡರು. ನಾನು ಬಿಟ್ಟಬಾಯಿ ಬಿಟ್ಟಹಾಗೇ ಕೂತಿದ್ದೆ. ತನಗೆ ಸಂದದ್ದನ್ನು ಹೀಗೆ, ಸಂಕೋಚವೂ ಇಲ್ಲದೆ ಜಂಬವೂ ಇಲ್ಲದೆ, ನನ್ನದು ಎಂದು ಹಾಕಿಕೊಳ್ಳಲು ಮನುಷ್ಯನಿಗೆ ಸಾಧ್ಯವೇ?

ಊಟಕ್ಕೆ ಕೂತಾಗಲೂ ಬಿಚ್ಚಲಿಲ್ಲ. ಹಾರವನ್ನು ಬೆನ್ನಿನ ಕಡೆ ತಿರುಗಿಸಿಕೊಂಡು ಮುದ್ದೆ ಮುಗಿಸಿದರು. ಆಮೇಲೆ ಎದ್ದು, "ನೀರ್ ಬಿಡೋ ಹೊತ್ತಾಯ್ತು" ಎಂದು ಹೊರಟೇಬಿಟ್ಟರು. ಹೊಸಬನಿಗೆ ಕೆಲಸ ಒಪ್ಪಿಸಿದ್ದಾಗಿದೆ ಎಂದು ಯಾರೋ ಕೂಗಿದರು. "ಇವತ್ತೊಂದಿನ ನಂದೇ" ಅಂದರು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಬಸ್ಸು ಹೋದರೆ ಹೋಗಲಿ ಎಂದು ಹಿಂದೆಯೇ ನಡೆದೆ. ನಾನು ಮಾಡಿದ ಹಾರ ನಡೆದಾಡುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಹೆಜ್ಜೆಗೊಮ್ಮೆ ಕುಚ್ಚು ತೂಗುತ್ತಿತ್ತು, ಸಂಜೆ ಬಿಸಿಲಿಗೆ ಎಸಳುಗಳು ಒಳಗಿನಿಂದ ಬೆಳಗುತ್ತಿದ್ದವು. ಇದು ಇಷ್ಟು ಚೆಂದವಿದೆ ಎಂದು ಮಾಡಿದ ನನಗೇ ಗೊತ್ತಿರಲಿಲ್ಲವಲ್ಲ! ಕೊಡ ಹಿಡಿದು ನಲ್ಲಿಯ ಹತ್ತಿರ ನಿಂತಿದ್ದ ಅಜ್ಜಿಯೊಬ್ಬಳು ತೆಲುಗಿನಲ್ಲಿ, "ಏಮಯ್ಯಾ ಪಿಳ್ಳಪ್ಪಾ, ಪೆಳ್ಳಿಕೊಡುಕು ಅಯಿಪೋಯಾವೇ!" ಅಂದಳು, ಮದುವೆ ಗಂಡಾಗಿಬಿಟ್ಟೆಯಲ್ಲೋ ಎಂದು. "ಹೆಣ್ಣು ನೀನೇ ನೋಡು ಮತ್ತೆ!" ಎಂದು ಇವರು ಕನ್ನಡದಲ್ಲಿ ಉತ್ತರ ಕೊಟ್ಟು, ಬಗ್ಗಿ ವಾಲ್ವು ತಿರುಗಿಸಿದರು. ನಲ್ಲಿಗಳಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು.

ಸೋಮವಾರ ಬೆಳಿಗ್ಗೆ ಯಜಮಾನರು, "ಇವತ್ತು ಸೋಮವಾರ ಕಣೇ, ಗಾರ್ಮೆಂಟ್ಸು?" ಅಂದರು. "ಹೋಗಲ್ಲ" ಅಂದೆ. ಬಣ್ಣದ ಬಟ್ಟಲುಗಳನ್ನು ಅಟ್ಟಕ್ಕೆ ಹಾಕಲು ತಂದಿಟ್ಟಿದ್ದ ಏಣಿಯನ್ನು ಅವರು ಹಿತ್ತಲಿಗೆ ಒಯ್ದಿಟ್ಟರು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನೂ ಒಂದು ಕೋಟು ಹೊಲಿಸಿಕೊಂಡು ವಿಡಿಯೋ ಮಾಡಬಹುದಿತ್ತು. ಆದರೆ ಮುಂದಿನ ಭಾನುವಾರ ಪಿಳ್ಳಪ್ಪನವರು, ಆರ್ಡರು ಕೊಟ್ಟವರಿಂದ ವಿಳಾಸ ಕೇಳಿಕೊಂಡು, ಕೋಲಾರದ ನಮ್ಮ ಮನೆಯ ಬಾಗಿಲಿಗೇ ಬಂದರು. ಕೈಯಲ್ಲಿ ಹಾರ, ಮೈಮೇಲೆ ಅದೇ ಬಿಳಿ ಅಂಗಿ. ಬಿಳಿ ಅನ್ನುವಂತಿರಲಿಲ್ಲ, ಎದೆಯ ತುಂಬ ಗುಲಾಬಿ. ನನ್ನ ಜೀವ ಬಾಯಿಗೆ ಬಂತು. ಸನ್ಮಾನದ ಹಾರಕ್ಕೆ ನೀರು ತಾಗುತ್ತದೆಂದು ಯಾರು ಎಣಿಸಿದ್ದರು? ವಾಲ್ವಿನ ನೀರು ಸಿಡಿದು ಬಣ್ಣ ಬಿಟ್ಟಿದೆ. ಜಗಳಕ್ಕೇ ಬಂದಿದ್ದಾರೆ, ನನ್ನ ಕಲೆಯ ಕತೆ ಮುಗಿಯಿತು ಎಂದುಕೊಂಡು, "ಅಂಗಿ ನಾನೇ ಹೊಲಿದುಕೊಡ್ತೀನಿ ಯಜಮಾನ್ರೇ" ಎಂದು ಒಂದೇ ಉಸಿರಿಗೆ ಅಂದೆ.

"ಅಂಗಿಗೇನಾಗಿದೆ ಕಣಮ್ಮಾ? ಈ ಬಣ್ಣ ನೋಡ್ದೋರೆಲ್ಲ ಏನು ಅಂತ ಕೇಳ್ತಾರೆ, ಸನ್ಮಾನದ್ದು ಅಂತ ಹೇಳ್ತೀನಿ. ಎಸಳು ನಾಕು ಬಿದ್ದೋಗವೆ, ಅದು ಹಾಕ್ಕೊಡು. ಮೊಮ್ಮಗಳ ಮದ್ವೆಗೆ ಹಾಕ್ಕೋಬೇಕು."

ಕೂತು ಎಸಳು ಅಂಟಿಸಿದೆ. ಕಾಫಿ ಕುಡಿಯುತ್ತಾ ನೋಡುತ್ತಿದ್ದ ಪಿಳ್ಳಪ್ಪನವರು ಇದ್ದಕ್ಕಿದ್ದಂತೆ, "ಇಷ್ಟೊಂದು ಮಾಡ್ತೀಯಲ್ಲಮ್ಮಾ, ನೀನು ಯಾವತ್ತಾದ್ರೂ ಹಾಕ್ಕೊಂಡಿದೀಯಾ?" ಅಂದರು. ನಾನು ಯೋಚಿಸಿದೆ. ಇಲ್ಲ. ಅಳತೆಗೆ ಹಾಕಿ ನೋಡುವುದೂ ಕುರ್ಚಿಯ ಬೆನ್ನಿಗೆ, ನನ್ನ ಕೊರಳಿಗಲ್ಲ. "ನಿಮ್ಮ ಯಜಮಾನ್ರೇ ಹಾಕ್ಲಿ, ನೋಡಾಣ" ಎಂದು ಬಾಗಿಲ ಬಳಿ ನಿಂತಿದ್ದ ಇವರ ಕಡೆ ತಿರುಗಿದರು. ಮದುವೆಯಾದ ಮೇಲೆ ಮೊದಲ ಸಲ ನಮ್ಮ ಯಜಮಾನರು ನಾಚಿಕೊಂಡರು. ಹಾರ ಎತ್ತಿ ನನ್ನ ಕೊರಳಿಗೆ ಹಾಕಿದರು.

ಎಸಳಿನ ತಂಪು ಕುತ್ತಿಗೆಗೆ ತಾಗಿದ್ದಷ್ಟೇ ಗೊತ್ತು. ಮರುಕ್ಷಣ ಪಿಳ್ಳಪ್ಪನವರು ತೊಡೆ ತಟ್ಟಿಕೊಂಡು ನಗುತ್ತಿದ್ದರು. "ಅಯ್ಯೋ ತಾಯಿ, ಎಷ್ಟು ಬೇಗ ದೊಡ್ಡೋರ ಸಾಲಿಗೆ ಸೇರ್ಕೊಂಡ್ಬಿಟ್ಟೆ!"

ಏನೆಂದು ನೋಡಿಕೊಂಡರೆ ಹಾರ ಆಗಲೇ ನನ್ನ ಕೈಯಲ್ಲಿತ್ತು, ಅದನ್ನಿಡಲು ನಾನು ಸುತ್ತಮುತ್ತ ಮೇಜು ಹುಡುಕುತ್ತಿದ್ದೆ.